ನೀವು ಯಾರು? ಏನು ಬೇಕಿತ್ತು?

ನಮ್ಮ ಯಜಮಾನರು ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಬಸ್ಸಿನಲ್ಲಿ ಯಾರಾದರೂ ಇವರ ಕಾಲು ತುಳಿದರೆ, ಕಾಲು ಅಲ್ಲಿಟ್ಟದ್ದು ನನ್ನದೇ ತಪ್ಪು ಎಂದು ಇವರೇ ಕ್ಷಮೆ ಕೇಳುತ್ತಾರೆ. ಅಂಥ ಮನುಷ್ಯ ಯುದ್ಧ ಸಾರಿದ್ದು ಸ್ಪ್ಯಾಮ್ ಮೇಲೆ, ಅಂದರೆ ಕೇಳದೆ ಬಂದು ಬೀಳುವ ಕಸದ ಮೇಲ್‌ಗಳ ಮೇಲೆ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಇವರ ಕೋಪದಿಂದ ದವಡೆಗೆ ಏನೂ ಆಗಲಿಲ್ಲ. ಒಬ್ಬ ಅಣ್ಣ ಕೈಬಿಟ್ಟು ಹೋಗುವುದರಲ್ಲಿದ್ದ, ಅಷ್ಟೇ.

ನಮ್ಮದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಕೆಟ್ಟ ಮೆಷಿನ್‌ಗಳನ್ನು ತುಂಬಿದ ಒಂದು ಕೋಣೆ, ಮೇಲೆ ನಾವಿಬ್ಬರು ಇರುವ ಮನೆ. ಗಿರಾಕಿಗಳಿಗೆ ಅನುಕೂಲವಾಗಲಿ ಎಂದು ಇವರು ಇ-ಮೇಲ್ ವಿಳಾಸವನ್ನು ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ಬರೆಸಿದರು. ಸಾಲದ್ದಕ್ಕೆ, ಎಲ್ಲೆಲ್ಲಿ ಉಚಿತ ಕೂಪನ್ನಿನ ಡಬ್ಬ ಕಂಡಿತೋ ಅಲ್ಲೆಲ್ಲ ಬರೆದು ಹಾಕಿ ಬಂದರು. ಗಿರಾಕಿಗಳು ಎಂದಿನಂತೆ ಮೆಷಿನ್ ಹೊತ್ತುಕೊಂಡು ಬಾಗಿಲಿಗೇ ಬಂದರು. ಮೇಲ್ ಬರೆದವರು ಬೇರೆಯವರು. ಬೋಳು ತಲೆಗೆ ಕೂದಲು ಬರಿಸುವವರು, ಬಂದ ಕೂದಲನ್ನು ತೆಗೆಯುವವರು, ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸುವವರು, ಹಡಗಿನ ಜೊತೆ ಮುಳುಗಿದ ಕಪ್ತಾನನೊಬ್ಬನ ಹೆಂಡತಿ. ಆಕೆ ಇವರನ್ನು 'ನನ್ನ ಪ್ರಾಣಸ್ನೇಹಿತ' ಎಂದು ಕರೆಯುತ್ತಿದ್ದಳು. ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಹಾಗೆ ಕರೆದಿಲ್ಲ.

ನಿಜ ಹೇಳಬೇಕೆಂದರೆ ಇವರಿಗೆ ಮೇಲ್ ಬೇಕಿದ್ದದ್ದು ಅಣ್ಣನಿಗಾಗಿ, ಅಂದರೆ ನಮ್ಮ ಭಾವನವರಿಗಾಗಿ. ಅಪ್ಪ ತೀರಿಕೊಂಡಾಗ ಇವರಿಗೆ ಮೀಸೆಯೂ ಬಂದಿರಲಿಲ್ಲ. ಭಾವ ಬಟ್ಟೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿ ತಮ್ಮನನ್ನು ಸಾಕಿದರು. ಇಡೀ ದಿನ ನೂರಾರು ಹೊಲಿಗೆ ಮೆಷಿನ್‌ಗಳು ಒಟ್ಟಿಗೆ ಓಡುವ ಶೆಡ್ಡು ಅದು. ತಮ್ಮ ಆ ಸದ್ದಿನೊಳಗೆ ಕಾಲಿಡುವುದು ಬೇಡ ಎಂದು ಕೆಲಸ ಕಲಿಸಿ ಈ ಅಂಗಡಿ ಹಾಕಿಕೊಟ್ಟರು. ತಮ್ಮನ ಕಿವಿ ಉಳಿಯಿತು, ಅವರ ಕಿವಿ ಹೋಯಿತು. ಈಗ ಫೋನು ಅವರಿಗೆ ಇದ್ದೂ ಇಲ್ಲ. ಅದರ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುವುದೂ ಇಲ್ಲ. ಹಾಗಾಗಿ ಅವರ ಮನೆಯ ಮೇಜಿನ ಮೇಲೊಂದು ಕಂಪ್ಯೂಟರ್, ಅದರಲ್ಲಿ ಬೆರಳುದ್ದದ ಅಕ್ಷರ. ಇವರು ಪ್ರತಿ ಬೆಳಗ್ಗೆ ಶಟರ್ ಎತ್ತುವ ಮೊದಲು ಅಣ್ಣನಿಗೊಂದು ಮೇಲ್ ಬರೆಯಬೇಕು, ಅಣ್ಣನದೊಂದು ಓದಬೇಕು. ಭಾವನವರ ಪತ್ರ ಚಳಿಯಿಂದ ಶುರುವಾಗಿ ಮಂಡಿನೋವಿಗೆ ಬಂದು ಯಾವಾಗಲೂ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: 'ಎಣ್ಣೆ ಬಿಟ್ಯಾ?' ಮೆಷಿನ್‌ಗೆ ಎಣ್ಣೆ ಬಿಡುವುದನ್ನು ಈ ತಮ್ಮ ಹದಿನಾಲ್ಕನೇ ವಯಸ್ಸಿನಲ್ಲಿ ಒಮ್ಮೆ ಮರೆತಿದ್ದನಂತೆ.

ಆ ಪತ್ರ ಈಗ ಕಸದ ರಾಶಿಯಲ್ಲಿ ಹುಡುಕಿದರೂ ಸಿಗದಂತಾಯಿತು. ಇವರು ಮೊದಲು ಕಸದವರಿಗೆ ಮರ್ಯಾದೆಯಿಂದ ಉತ್ತರ ಬರೆದರು. 'ಮಾನ್ಯರೇ, ನನ್ನ ತಲೆಯಲ್ಲಿ ಸಾಕಷ್ಟು ಕೂದಲಿದೆ, ದಯವಿಟ್ಟು ಬರೆಯಬೇಡಿ.' ಆಮೇಲೆ ಬೈದು ಬರೆದರು. ಇವರಿಗೆ ಬೈಗುಳ ಬರುವುದಿಲ್ಲ, ನನ್ನನ್ನು ಕೇಳಿ ಬರೆದುಕೊಂಡರು. ಉತ್ತರ ಕೊಡುವ ಪ್ರಾಣಿ ಒಂದು ಇದೆ ಎಂದು ಗೊತ್ತಾದದ್ದೇ ತಡ, ಕಸ ಮೂರು ಪಟ್ಟಾಯಿತು.

ಎದುರಂಗಡಿಯಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬ ಇದ್ದಾನೆ. ಏನೇ ಕೆಟ್ಟರೂ 'ಆಫ್ ಮಾಡಿ ಆನ್ ಮಾಡಿ' ಎನ್ನುವುದರಿಂದ ಬೀದಿಯವರೆಲ್ಲ ಅವನನ್ನು ಆಫಾನ್ ಎಂದೇ ಕರೆಯುತ್ತಾರೆ. ಪಾಪ, ಪೂರ್ತಿ ಬೋಳು ತಲೆ. ಕೂದಲಿನ ಮೇಲ್‌ಗಳನ್ನು ಇವರು ಅವನಿಗೇ ಕಳಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಒಂದು ದಿನ ಅವನು ಬೀದಿ ದಾಟಿ ಬಂದ.

"ಸಾರ್, ಇನ್ನೊಂದು ಕೂದಲಿನ ಮೇಲ್ ಕಳ್ಸಿದ್ರೆ ನಾನು ಅಂಗಡಿ ಖಾಲಿ ಮಾಡ್ತೀನಿ. ನಿಮಗೊಂದು ಕಾವಲುಗಾರನ್ನ ಹಾಕ್ಕೊಡ್ತೀನಿ, ದಮ್ಮಯ್ಯ, ಅದನ್ನ ಇಟ್ಕೊಳ್ಳಿ."

ಕಾವಲುಗಾರ ಎಂದರೆ ಒಂದು ಪ್ರೋಗ್ರಾಂ. ಗುರುತಿಲ್ಲದವರು ಯಾರೇ ಮೇಲ್ ಬರೆದರೂ ಅದನ್ನು ಬಾಗಿಲಲ್ಲೇ ತಡೆದು, ಬರೆದವರಿಗೆ ಒಂದು ಪ್ರಶ್ನೆ ಕಳಿಸುತ್ತದೆ. ಮನುಷ್ಯರಾದರೆ ಉತ್ತರ ಬರೆಯುತ್ತಾರೆ, ಒಳಗೆ ಬರುತ್ತಾರೆ. ಕಸ ಕಳಿಸುವ ಯಂತ್ರ ಉತ್ತರ ಬರೆಯುವುದಿಲ್ಲ. ಅದರ ಮೇಲ್ ಒಂದು ವಾರ ಕಾವಲುಗಾರನ ಬುಟ್ಟಿಯಲ್ಲಿ ಬಿದ್ದಿದ್ದು ತಾನಾಗಿ ಅಳಿಸಿ ಹೋಗುತ್ತದೆ. ಪ್ರಶ್ನೆ ಏನಿರಲಿ ಎಂದು ಆಫಾನ್ ಕೇಳಿದಾಗ ಇವರು ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಡಿಗೆ ಹೊಸಬರು ಬಂದರೆ ಸ್ಕ್ರೂ ಡ್ರೈವರಿನಿಂದ ಕಣ್ಣೆತ್ತದೆ ಏನು ಕೇಳುತ್ತಾರೋ ಅದನ್ನೇ ಬರೆಸಿದರು: 'ನೀವು ಯಾರು? ಏನು ಬೇಕಿತ್ತು?'

ಮೊದಲು ಸಿಕ್ಕಿಬಿದ್ದವರು ಕಟ್ಟಡದ ಮಾಲೀಕರು. ನೀರಿನ ಟ್ಯಾಂಕ್ ತೊಳೆಸುತ್ತೇವೆ ಎಂದು ಮೇಲ್ ಬರೆದವರಿಗೆ ಈ ಪ್ರಶ್ನೆ ಹೋಯಿತು. ಉತ್ತರ ಬರೆಯದೆ ಸ್ವತಃ ಬಂದು ಮೆಟ್ಟಿಲ ಮೇಲೆ ನಿಂತರು. "ನನ್ನ ಕಟ್ಟಡದಲ್ಲಿ ಕೂತ್ಕೊಂಡು ನಾನು ಯಾರು ಅಂತ ಕೇಳ್ತೀರಾ? ನಾನು ಯಾರು ಅಂತ ತೋರಿಸ್ತೀನಿ ಇರಿ!" ತೋರಿಸಿದರು. ನಮ್ಮ ನಲ್ಲಿಯಲ್ಲಿ ಎರಡು ದಿನ ನೀರು ಬರಲಿಲ್ಲ. ಹಿಂದಿನ ಬೀದಿಯ ಟೈಲರಮ್ಮ ಮಾತ್ರ 'ಏನು ಬೇಕಿತ್ತು?' ಎಂಬುದಕ್ಕೆ ಮನಬಿಚ್ಚಿ ಉತ್ತರ ಬರೆದಿದ್ದರು. ನನ್ನನ್ನು ಇಷ್ಟು ವರ್ಷದಲ್ಲಿ ಯಾರೂ ಈ ಮಾತು ಕೇಳಿರಲಿಲ್ಲ ಎಂದು ಶುರು ಮಾಡಿ, ಸೊಸೆಯ ಮೇಲಿನ ದೂರೆಲ್ಲ ಹೇಳಿ, ಕೊನೆಗೆ ಮೆಷಿನ್ನಿಗೆ ಒಂದು ಬಾಬಿನ್ ಕೇಸ್ ಬೇಕಿತ್ತು ಎಂದು ಮುಗಿಸಿದ್ದರು.

ಏನಾದರೇನು, ಕಸ ನಿಂತಿತು. ಇವರ ಮುಖದಲ್ಲಿ ಗೆದ್ದ ಕಳೆ. ಆ ಹುರುಪಿನಲ್ಲೇ ಅಣ್ಣನ ಮನೆಗೆ ಹೋಗಿದ್ದಾಗ ಅವರ ಕಂಪ್ಯೂಟರಿಗೂ ಅದೇ ಕಾವಲುಗಾರನನ್ನು, ಅದೇ ಪ್ರಶ್ನೆಯೊಂದಿಗೆ ಕೂರಿಸಿ ಬಂದರು. ಗುರುತಿನವರ ಪಟ್ಟಿಯಲ್ಲಿ ಒಂದೇ ವಿಳಾಸ, ಇವರದು. "ಅಣ್ಣಾ, ಆ ಬುಟ್ಟಿ ಮಾತ್ರ ತೆಗೀಬೇಡ. ಅದರಲ್ಲಿ ಇರೋದೆಲ್ಲ ವಿಷ" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದರು. ಭಾವ ಮಾತು ಕೊಟ್ಟರೆ ಕೊಟ್ಟಂತೆ. ತೆಗೆಯಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಭಾವನವರ ಮೇಲ್ ಬಂತು. ಚಳಿಯೂ ಇರಲಿಲ್ಲ, ಮಂಡಿಯೂ ಇರಲಿಲ್ಲ. 'ನಾನಿರುವ ಕಟ್ಟಡ ಕೆಡವುತ್ತಾರಂತೆ. ತಿಂಗಳ ಕೊನೆಗೆ ಎಲ್ಲರೂ ಬಿಡಬೇಕು. ಒಂದು ವೃದ್ಧಾಶ್ರಮ ನೋಡಿ ಬಂದೆ. ಕಿಟಕಿ ದೊಡ್ಡದಿದೆ. ನೀನೇನಂತೀಯ? ಎಣ್ಣೆ ಬಿಟ್ಯಾ?'

ಭಾವನವರನ್ನು ಬಲ್ಲವರಿಗೆ ಆ 'ನೀನೇನಂತೀಯ' ಎಷ್ಟು ದೊಡ್ಡ ಮಾತು ಎಂದು ಗೊತ್ತು. ಅವರು ಯಾರ ಹತ್ತಿರವೂ ಏನೂ ಬೇಕು ಎಂದು ಬಾಯಿ ಬಿಟ್ಟವರಲ್ಲ. ನಮ್ಮ ಮದುವೆಯ ಊಟದಲ್ಲಿ ನೀರು ಬೇಕಾದಾಗಲೂ ಖಾಲಿ ಲೋಟವನ್ನೇ ನೋಡುತ್ತಾ ಕುಳಿತಿದ್ದರು, ಕೇಳಲಿಲ್ಲ. ಓರಗಿತ್ತಿ, ಅಂದರೆ ಭಾವನವರ ಹೆಂಡತಿ, ಇದ್ದಷ್ಟು ದಿನ ಕೇಳದೆಯೇ ಎಲ್ಲ ನಡೆಯಿತು. ಆಕೆ ತೀರಿಕೊಂಡ ಮೇಲೆ ಭಾವ ಕೇಳಬೇಕಾದ್ದನ್ನೆಲ್ಲ ಬಿಟ್ಟೇ ಬಿಟ್ಟರು.

ಇವರು ಎರಡು ಸಲ ಓದಿದರು. ಆಮೇಲೆ "ಅಣ್ಣ ಇಲ್ಲಿಗೇ ಬರ್ಬೇಕು ಕಣೇ" ಎಂದರು.

"ಮತ್ತೆ? ಅದನ್ನ ನನಗೆ ಹೇಳಿದ್ರೆ? ಅವರಿಗೆ ಬರೀರಿ" ಎಂದೆ. ನನಗೂ ಅವರು ಬರಬೇಕೆಂದೇ ಆಸೆ. ಈ ಮನೆಗೆ ಸೊಸೆಯಾಗಿ ಬಂದಾಗ ಮಾವನ ಸ್ಥಾನದಲ್ಲಿ ನಿಂತವರು ಅವರು. ಇವರ ಮೇಲೆ ನಾನು ರೇಗಿದಾಗಲೆಲ್ಲ ನನ್ನ ಪಕ್ಷ ವಹಿಸಿದವರೂ ಅವರೇ. ಬೈಗುಳ ಕೇಳಿಸುವುದಿಲ್ಲವಲ್ಲ, ನನ್ನ ಮುಖ ನೋಡಿಯೇ ತೀರ್ಪು ಕೊಡುತ್ತಿದ್ದರು.

ಈಗ ನೋಡಿ ಇವರ ಬುದ್ಧಿ. ಬೇರೆ ಯಾರೇ ಆಗಿದ್ದರೂ ಆ ಪತ್ರದ ಕೆಳಗೇ 'ಬಾ' ಎಂದು ಒಂದೇ ಅಕ್ಷರ ಬರೆದು ಕಳಿಸುತ್ತಿದ್ದರು. ಇವರು ಬರೆಯಲಿಲ್ಲ.

"ಇಂಥ ಮಾತನ್ನ ಈ ವಿಳಾಸದಿಂದ ಹೇಳೋದಾ? ಕೂದಲೆಣ್ಣೆಯವರೆಲ್ಲ ಓಡಾಡಿದ ವಿಳಾಸ ಇದು. ಕೊಳಕಾಗಿದೆ."

ಹೊಸ ವಿಳಾಸ ಮಾಡಿದರು. ಶುಭಕಾರ್ಯಕ್ಕೆ ಹೊಸ ಬಟ್ಟೆ ಹಾಕಿಕೊಂಡ ಹಾಗೆ. ಹೊಸ ವಿಳಾಸಕ್ಕೂ ಕಾವಲುಗಾರ, ಗುರುತಿನವರ ಪಟ್ಟಿ ಖಾಲಿ. ಅಲ್ಲಿಂದ ಬರೆದರು: 'ಅಣ್ಣಾ, ಇದು ನನ್ನ ಹೊಸ ವಿಳಾಸ. ವೃದ್ಧಾಶ್ರಮ ಬೇಡ. ಹಿಂದಿನ ಕೋಣೆ ಖಾಲಿ ಮಾಡುತ್ತಿದ್ದೇನೆ. ನಮ್ಮ ಜೊತೆ ಬಂದು ಇರು.' ನನಗೆ ಮೂರು ಸಲ ಓದಿ ಹೇಳಿ ಕಳಿಸಿದರು. ಕಳಿಸಿ, ಹಳೆಯ ವಿಳಾಸವನ್ನು ಅಲ್ಲೇ ಆಗಲೇ ಮುಚ್ಚಿಬಿಟ್ಟರು. ಪೀಡೆ ತೊಲಗಿತು ಎಂದು ಕೈ ಕೊಡವಿದರು.

ಆಮೇಲೆ ಕೋಣೆಯ ಕೆಲಸ. ಕೆಟ್ಟ ಮೆಷಿನ್‌ಗಳೆಲ್ಲ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದವು. ಒಂದು ನನ್ನ ಒಲೆಯ ಪಕ್ಕಕ್ಕೇ ಬಂತು. ಅದರ ಮೇಲೆ ತರಕಾರಿ ಹೆಚ್ಚುವುದನ್ನು ಕಲಿತೆ. ಗೋಡೆಗೆ ಬಣ್ಣ, ಕಿಟಕಿಗೆ ಹೊಸ ಗಾಜು. ಕದ ತಟ್ಟಿದರೆ ಭಾವನಿಗೆ ಕೇಳಿಸುವುದಿಲ್ಲವೆಂದು, ಗುಂಡಿ ಒತ್ತಿದರೆ ಒಳಗೆ ಬಲ್ಬು ಉರಿಯುವ ಹಾಗೆ ವೈರ್ ಎಳೆದರು. ಸಾಯಂಕಾಲ ಅಂಗಡಿ ಮುಚ್ಚಿ, ಇವರು ಹೊರಗೆ ನಿಂತು ಗುಂಡಿ ಒತ್ತುವುದು, ನಾನು ಒಳಗೆ ಮಂಚದ ಮೇಲೆ ಕೂತು "ಹತ್ತಿತು" ಎಂದು ಕೂಗುವುದು.

ಉತ್ತರ ಮಾತ್ರ ಬರಲಿಲ್ಲ.

ಇನ್ನೊಂದು ಸಲ ಬರೆದರು. ಅದಕ್ಕೂ ಇಲ್ಲ. ಆಫಾನ್ ಬಂದು ನೋಡಿ, ಆಫ್ ಮಾಡಿ ಆನ್ ಮಾಡಿದ. "ಮೇಲ್ ಹೋಗಿದೆ ಸಾರ್. ಹೋಗಿ ತಲುಪಿದೆ. ವಾಪಸ್ ಏನೂ ಬಂದಿಲ್ಲ" ಎಂದ. ಇವರ ಪೆಟ್ಟಿಗೆ ತೊಳೆದಿಟ್ಟ ತಟ್ಟೆಯ ಹಾಗೆ ಇತ್ತು. ಕಸವೂ ಇಲ್ಲ, ಅಣ್ಣನೂ ಇಲ್ಲ. ಕಾವಲುಗಾರನ ಬುಟ್ಟಿ ಒಮ್ಮೆ ತೆಗೆದು ನೋಡಿ ಎಂದೆ. "ಕಸ ಕೆದಕೋದಾದ್ರೆ ಕಾವಲು ಯಾಕೆ ಹಾಕ್ಬೇಕಿತ್ತು?" ಎಂದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಮಾತು ನನಗೆ ಆಗ ಹೊಳೆಯಲಿಲ್ಲ, ಎಲ್ಲ ಮುಗಿದ ಮೇಲೆ ಹೊಳೆಯಿತು.

ತಿಂಗಳು ಮುಗಿಯುತ್ತಾ ಬಂತು. ಇವರ ಮುಖ ದಿನೇ ದಿನೇ ಸಣ್ಣಗಾಯಿತು.

"ಹೋಗಿ ಕರ್ಕೊಂಡು ಬನ್ನಿ" ಎಂದೆ.

"ಕರೆದಾಯ್ತಲ್ಲ. ಎರಡು ಸಲ ಕರೆದೆ. ಅಣ್ಣನಿಗೆ ಆ ದೊಡ್ಡ ಕಿಟಕಿನೇ ಇಷ್ಟ ಅಂತ ಕಾಣುತ್ತೆ. ಇಷ್ಟ ಇಲ್ಲದವರನ್ನ ಎಳ್ಕೊಂಡು ಬರೋಕಾಗುತ್ತಾ? ಇನ್ನು ನಾನು ಬರೆಯಲ್ಲ."

"ಬಿಡ್ರೀ ನಿಮ್ಮ ಬಿಗುಮಾನ! ಅಣ್ಣ ತಮ್ಮ ಇಬ್ಬರಿಗೂ ಮೂಗಿನ ತುದೀಲಿ ಇದೆ ಅದು" ಎಂದು ಕೂಗಿದೆ. ಇವರು ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾರನೆಯ ಬೆಳಗ್ಗೆ ಹೇಳದೆ ಕೇಳದೆ ಬಸ್ಸು ಹತ್ತಿದೆ.

ಭಾವನವರ ಕಟ್ಟಡದಲ್ಲಿ ಆಗಲೇ ಕಿಟಕಿಗಳನ್ನೆಲ್ಲ ಕಿತ್ತಿದ್ದರು. ಬೇರೆ ಮನೆಗಳೆಲ್ಲ ಖಾಲಿ. ಎರಡನೇ ಮಹಡಿಯಲ್ಲಿ ಒಂದೇ ಒಂದು ಬಾಗಿಲಿಗೆ ಚಿಲಕ ಉಳಿದಿತ್ತು. ಇಲ್ಲೂ ಬಲ್ಬಿನ ಗುಂಡಿಯೇ, ಒತ್ತಿದೆ. ಬಾಗಿಲಿನ ಸಂದಿಯಲ್ಲಿ ಬೆಳಕು ಹತ್ತಿ ಆರಿತು, ಬಾಗಿಲು ತೆರೆಯಿತು. ಭಾವ ಸೊರಗಿದ್ದರು. ನನ್ನನ್ನು ನೋಡಿದವರೇ ನನ್ನ ಹಿಂದೆ ನೋಡಿದರು.

"ಅವನೆಲ್ಲಿ? ಅವನು ಹುಷಾರಾಗಿದ್ದಾನಾ?" ಎಂದು ಕೂಗಿದರು. ಕಿವಿ ಕೇಳಿಸದವರಲ್ಲವೆ, ಅವರ ಗುಟ್ಟಿನ ಮಾತೂ ಬೀದಿಗೆ ಕೇಳಿಸುತ್ತದೆ.

ಹೂಂ ಎಂದು ತಲೆಯಾಡಿಸಿದೆ. ಅವರು ಉಸಿರು ಬಿಟ್ಟು, ಹಗ್ಗ ಕಟ್ಟಿದ ಪೆಟ್ಟಿಗೆಯೊಂದರ ಮೇಲೆ ಕೂತರು. "ಹಂಗಾದ್ರೆ ಸರಿ. ಏನೋ ಆಗಿದೆ ಅಂತ ಹೆದರಿದ್ದೆ. ಮೂರು ಸಲ ಬರೆದೆ, ಉತ್ತರ ಇಲ್ಲ. ಹುಷಾರಾಗಿದ್ದೂ ಬರೀಲಿಲ್ಲ ಅಂದ್ರೆ, ಸುಮ್ಮನಿರೋದೂ ಒಂದು ಉತ್ತರವೇ. ನನಗೇನೂ ಬೇಜಾರಿಲ್ಲಮ್ಮ. ವೃದ್ಧಾಶ್ರಮಕ್ಕೆ ಹೂಂ ಅಂದಿದ್ದೀನಿ. ನಾಳೆ ಬೆಳಗ್ಗೆ ಗಾಡಿ ಬರುತ್ತೆ."

ಬೇಜಾರಿಲ್ಲ ಎನ್ನುತ್ತಾ ಪೆಟ್ಟಿಗೆಯ ಹಗ್ಗವನ್ನು ಬಿಗಿದದ್ದನ್ನೇ ಮತ್ತೆ ಬಿಗಿದರು. ನನಗೆ ಅಳು ಮತ್ತು ಸಿಟ್ಟು ಒಟ್ಟಿಗೇ ಬಂದವು. ಸ್ಲೇಟು ಕಿತ್ತುಕೊಂಡು ಬರೆದೆ: 'ಅವರು ಕರೆದಿದ್ದಾರೆ. ಕೋಣೆಗೆ ಬಣ್ಣ ಹೊಡೆದಾಗಿದೆ.'

ಓದಿ ನಕ್ಕರು. "ನೀನು ಒಳ್ಳೆಯವಳು. ಅವನ ಬದಲು ನೀನು ಹೇಳೋದು ಬೇಡ."

ಬಳಪ ಮುರಿಯುವ ಹಾಗೆ ಬರೆದೆ: 'ಕಂಪ್ಯೂಟರ್ ತೆಗೀರಿ.'

ಅದು ಪೆಟ್ಟಿಗೆಯೊಳಗೆ ಕಂಬಳಿ ಸುತ್ತಿಕೊಂಡು ಮಲಗಿತ್ತು. ನಾನೇ ಹಗ್ಗ ಬಿಚ್ಚಿದೆ. ನನ್ನ ಮುಖ ನೋಡಿ ಅವರು ತೀರ್ಪು ಕೊಟ್ಟುಕೊಂಡರೆಂದು ಕಾಣುತ್ತದೆ, ಎದುರು ಮಾತಾಡದೆ ವೈರ್‌ಗಳನ್ನು ಜೋಡಿಸಿದರು. ಕಾವಲುಗಾರನ ಬುಟ್ಟಿಗೆ ಬೆರಳು ತೋರಿಸಿದೆ. "ಅದು ಮುಟ್ಟಬೇಡ ಅಂದಿದ್ದಾನೆ" ಎಂದರು. ನಾನು ಮುಟ್ಟಿದೆ.

ಪುಟದ ಮೇಲೆ ಪುಟ, ಬೆರಳುದ್ದದ ಅಕ್ಷರದಲ್ಲಿ: ನೀವು ಯಾರು? ಏನು ಬೇಕಿತ್ತು? ನೀವು ಯಾರು? ಏನು ಬೇಕಿತ್ತು? ನೀವು ಯಾರು? ಏನು ಬೇಕಿತ್ತು?

ನನಗೆ ಮೇಲ್ ತಿಳಿಯದು. ಆದರೆ ಹಟಮಾರಿಗಳನ್ನು ಚೆನ್ನಾಗಿ ಬಲ್ಲೆ. ಇವರ ಹೊಸ ವಿಳಾಸದ ಗುರುತು ಸಿಗದೆ ಅಣ್ಣನ ಕಾವಲುಗಾರ ಪ್ರಶ್ನೆ ಕೇಳಿದ್ದಾನೆ. ಆ ಪ್ರಶ್ನೆಯನ್ನು ತಮ್ಮನ ಕಾವಲುಗಾರ ಬಾಗಿಲಲ್ಲೇ ತಡೆದು, ನೀನು ಯಾರು ಎಂದು ತಿರುಗಿ ಕೇಳಿದ್ದಾನೆ. ಇವನು ಉತ್ತರ ಕೊಡದೆ ಮತ್ತೆ ಅದನ್ನೇ ಕೇಳಿದ್ದಾನೆ. ಇಬ್ಬರೂ ಊಟ ನಿದ್ದೆ ಬಿಟ್ಟು ತಿಂಗಳಿಡೀ ಬಾಗಿಲಲ್ಲಿ ನಿಂತು ಕೇಳಿಕೊಂಡಿದ್ದಾರೆ. ನಡುನಡುವೆ, ಭಾವ ಹಳೆಯ ವಿಳಾಸಕ್ಕೆ ಬರೆದದ್ದಕ್ಕೆ ಬಂದ ಜವಾಬು: 'ಈ ವಿಳಾಸದಲ್ಲಿ ಯಾರೂ ಇಲ್ಲ.' ಅದನ್ನೂ ಕಾವಲುಗಾರ ನೀನು ಯಾರು ಎಂದು ಕೇಳಿ ಬುಟ್ಟಿಗೆ ಹಾಕಿದ್ದ.

ಇವರು ಕರೆದ ಆ ಎರಡು ಪತ್ರ ಹುಡುಕಿದೆ. ಇರಲಿಲ್ಲ. ವಾರ ಕಳೆದಿತ್ತು, ಅಳಿಸಿ ಹೋಗಿದ್ದವು. ಇನ್ನು ಭಾವನಿಗೆ ಏನು ತೋರಿಸಲಿ? ಆಗ ಭಾವ ನನ್ನ ಕೈ ಹಿಡಿದು ತಡೆದರು. ತೆರೆಯ ಮೇಲೆ, ಎರಡು ಪ್ರಶ್ನೆಗಳ ನಡುವೆ, ಆ ದಿನ ಬೆಳಗ್ಗೆ ಬಂದ ಒಂದು ಸಾಲು ಇತ್ತು.

'ಅಣ್ಣಾ, ಎಣ್ಣೆ ಬಿಟ್ಟೆ. ಬಾ.'

ಅದರ ಕೆಳಗೆ ಹಿಂದಿನ ದಿನದ್ದು. 'ಅಣ್ಣಾ, ಎಣ್ಣೆ ಬಿಟ್ಟೆ. ಬಾ.' ಅದರ ಹಿಂದಿನ ದಿನದ್ದೂ ಅದೇ. ಎರಡೇ ಸಲ ಕರೆದೆ, ಇನ್ನು ಬರೆಯುವುದಿಲ್ಲ ಎಂದು ನನ್ನ ಮುಂದೆ ಆಣೆ ಮಾಡಿದ ಹಾಗೆ ಹೇಳಿದ ಮನುಷ್ಯ, ದಿನಾ ಬೆಳಗ್ಗೆ ಶಟರ್ ಎತ್ತುವ ಮೊದಲು ಇದನ್ನು ಬರೆದಿದ್ದಾರೆ. ನನಗೂ ಹೇಳಿಲ್ಲ.

ಭಾವ ಎಲ್ಲವನ್ನೂ ಓದಿದರು. ಎಲ್ಲದರಲ್ಲೂ ಇದ್ದದ್ದು ಅಷ್ಟೇ ಎಂದು ಗೊತ್ತಿದ್ದೂ ಒಂದೊಂದನ್ನೇ ತೆರೆದು ಓದಿದರು. ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು. "ದಡ್ಡ ಮುಂಡೇದು. ಮೊದಲಿಂದಲೂ ಹೀಗೇ" ಎಂದು ಕಟ್ಟಡ ಅದುರುವ ಹಾಗೆ ಹೇಳಿ, ಕೊನೆಯ ಪತ್ರಕ್ಕೆ ಒಂದೇ ಬೆರಳಲ್ಲಿ ಉತ್ತರ ಬರೆದರು. 'ನೋಡಿದೆ.' ಕಳಿಸಿದರು.

ಕಣ್ಣು ಮಿಟುಕಿಸುವಷ್ಟರಲ್ಲಿ ಬುಟ್ಟಿಗೆ ಹೊಸದೊಂದು ಬಂದು ಬಿತ್ತು. ತಮ್ಮನ ಕಾವಲುಗಾರ. ನೀವು ಯಾರು? ಏನು ಬೇಕಿತ್ತು?

"ಇದೇನಮ್ಮಾ?"

ಸ್ಲೇಟಿನ ಮೇಲೆ ಬರೆದೆ: 'ಇದಕ್ಕೆ ಉತ್ತರ ಬರೀಬೇಕು. ಇಲ್ಲಾಂದ್ರೆ ಒಳಗೆ ಬಿಡಲ್ಲ.'

"ನಾನು ಯಾರು ಅಂತ ಇವನಿಗೆ ಹೇಳ್ಬೇಕಾ?" ಎಂದು ಗದರಿಕೊಂಡರೂ ಬರೆದರು. 'ನಿನ್ನ ಅಣ್ಣ.'

ಎರಡನೆಯ ಪ್ರಶ್ನೆಯ ಮುಂದೆ ಬೆರಳು ನಿಂತಿತು. ಏನೂ ಬೇಡ ಎಂದು ಬರೆಯುತ್ತಾರೆ ಎಂದುಕೊಂಡೆ. ಜೀವನಪೂರ್ತಿ ಎಲ್ಲರಿಗೂ ಹೇಳಿದ್ದು ಅದನ್ನೇ. ಬರೆದೂ ಬರೆದರು. ಅದನ್ನೇ ನೋಡುತ್ತಾ ಕೂತರು. ಆಮೇಲೆ ಒಂದೊಂದೇ ಅಕ್ಷರ ಅಳಿಸಿದರು. ನಿಧಾನವಾಗಿ, ಸೂಜಿಗೆ ದಾರ ಪೋಣಿಸುವವರ ಹಾಗೆ ಬಗ್ಗಿ ಬರೆದರು.

'ಒಂದು ಮಂಚ ಹಾಕುವಷ್ಟು ಜಾಗ.'

ಒತ್ತಿದರು. ಉತ್ತರ ತಕ್ಷಣ ಬಂತು. ಯಂತ್ರದ್ದೇ, ಎಲ್ಲರಿಗೂ ಕಳಿಸುವಂಥದ್ದೇ. ಭಾವ ಅದನ್ನು ಗಟ್ಟಿಯಾಗಿ ಓದಿದರು, ಕಿಟಕಿಯಿಲ್ಲದ ಮನೆಗಳಿಗೆಲ್ಲ ಕೇಳಿಸುವ ಹಾಗೆ.

"ಧನ್ಯವಾದ. ನಿಮ್ಮನ್ನು ಒಳಗೆ ಬಿಡಲಾಗಿದೆ."

ನಾನು ಅಳುತ್ತಾ ನಿಂತಿದ್ದೆ. ಅವರು ಇನ್ನೊಮ್ಮೆ ಓದಿಕೊಂಡು, ಎದ್ದು, ಪೆಟ್ಟಿಗೆಯ ಹಗ್ಗವನ್ನು ಮತ್ತೆ ಕಟ್ಟತೊಡಗಿದರು.

"ನಾಳೆ ಆ ಗಾಡಿಯವನಿಗೆ ನೀನೇ ಹೇಳಮ್ಮ" ಎಂದರು, "ವಿಳಾಸ ಬದಲಾಗಿದೆ ಅಂತ."